ಹದಿನಾಲ್ಕು ದೇಶದ ಕೊಬ್ಬರಿ

ಬಸವಕುಮಾರನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಆಸಾಮಿ. ತಡವಾದರೆ ತಡವಾಯಿತು ಎನ್ನುತ್ತಾನೆ, ದಾರಿ ತಪ್ಪಿದರೆ ತಪ್ಪಿದೆ ಎನ್ನುತ್ತಾನೆ. ಆದರೆ ಹೆಂಡತಿ ಮಂಗಳಾಗೆ ಮಾತ್ರ ಏಳು ವರ್ಷದಿಂದ ಒಂದೇ ಸುಳ್ಳನ್ನು ಬಿಡದೆ ಹೇಳಿಕೊಂಡು ಬಂದಿದ್ದ. ಇವತ್ತು ಆ ಸುಳ್ಳಿಗೆ ಗ್ರಹಚಾರ ಕಾದಿತ್ತು. ಮಂಗಳಾ ಖುದ್ದಾಗಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಏರ್‌ಪೋರ್ಟಿಗೆ ಹೊರಟಿದ್ದಳು.

ಹೊನ್ನಾವರದ ಆಚೆ ಕಡಲ ದಂಡೆಯಲ್ಲಿ ಒಂದು ರೆಸಾರ್ಟ್ ಇದೆ. ಬೆಂಗಳೂರಿನಲ್ಲಿ ವಿಮಾನ ಇಳಿಯುವ ಅವರ ಅತಿಥಿಗಳನ್ನು ಹೆಸರಿನ ಬೋರ್ಡು ಹಿಡಿದು ಕಾಯುವುದು, ಇನ್ನೋವಾದಲ್ಲಿ ಕೂರಿಸಿ ಹತ್ತು ಗಂಟೆ ಓಡಿಸಿ ಕಡಲ ಮುಂದೆ ಇಳಿಸುವುದು, ರಜೆ ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸು ತಂದು ವಿಮಾನಕ್ಕೆ ಬಿಡುವುದು, ಇದು ಬಸವಕುಮಾರನ ಕೆಲಸ. ಹೊನ್ನಾವರದ ರಸ್ತೆ ತಿಪಟೂರಿನ ಮೇಲೇ ಹಾಯುತ್ತದೆ. ಅವನ ಮನೆ ಊರು ದಾಟಿದ ಮೇಲೆ, ರಸ್ತೆಗೆ ಅಂಟಿಕೊಂಡ ತೋಟದಲ್ಲಿದೆ. ಹಾಗಾಗಿ ಅತಿಥಿಗಳು ಕಾಲು ನೀಡಿ ಒಂದು ಲೋಟ ಕಾಫಿ ಕುಡಿಯುವುದು ಅವನ ಮನೆಯ ಜಗಲಿಯಲ್ಲೇ.

ಕಡಲ ಕಡೆಗೆ ಹೋಗುವವರಿಗೆ ಮಂಗಳಾ ಬರೀ ಕಾಫಿ ಕೊಡುತ್ತಾಳೆ. ಊರಿಗೆ ವಾಪಸು ಹೋಗುವ ಹೆಂಗಸರದ್ದು ಬೇರೆ ಲೆಕ್ಕ. ಅವರು ಯಾವ ದೇಶದವರು, ಗಂಡ ಇದ್ದಾನೋ ಇಲ್ಲವೋ ಎಂದೆಲ್ಲ ಅವಳು ವಿಚಾರಿಸುವುದಿಲ್ಲ. ಮನೆಗೆ ಬಂದ ಹೆಂಗಸು ಬರಿ ಮಡಿಲಲ್ಲಿ ಹೋಗಬಾರದು, ಅಷ್ಟೇ. ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿದ ಕಾಯಿಗಳಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಡಲೊಡ ಎನ್ನುವುದನ್ನು ಆರಿಸಿ, ಚಿಪ್ಪು ಒಡೆದು, ಒಂದು ಗೀರೂ ಬೀಳದ ಹಾಗೆ ಉಂಡೆ ಕೊಬ್ಬರಿಯನ್ನು ಹೊರತೆಗೆಯುತ್ತಾಳೆ. ಅರಿಶಿನ ಕುಂಕುಮ ಇಟ್ಟು, ಹಸಿರು ರವಿಕೆ ಕಣದಲ್ಲಿ ಎರಡು ಕೊಬ್ಬರಿ ಸುತ್ತಿ ಅವರ ಮಡಿಲಿಗೆ ಹಾಕುತ್ತಾಳೆ. ಅತಿಥಿಗಳು ಕಣ್ಣರಳಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಕೆಲವರು ಅವಳನ್ನು ತಬ್ಬಿಕೊಳ್ಳುತ್ತಾರೆ.

ತೊಂದರೆ ಇಷ್ಟೇ: ಒಣ ಕೊಬ್ಬರಿಯನ್ನು ವಿಮಾನಕ್ಕೆ ಬಿಡುವುದಿಲ್ಲ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹೊತ್ತಿಕೊಳ್ಳುವ ಪದಾರ್ಥ ಎಂದು ತಪಾಸಣೆಯವರು ತೆಗೆದಿಡುತ್ತಾರೆ. ಏಳು ವರ್ಷದ ಹಿಂದೆ, ಮೊಟ್ಟಮೊದಲ ಸಲ, ಇಟಲಿಯ ಹೆಂಗಸೊಬ್ಬಳು ಹಾಗೆ ಸಿಕ್ಕಿಬಿದ್ದು ಇನ್ನೇನು ವಿಮಾನ ತಪ್ಪಿತು ಎನ್ನುವಂತಾಗಿತ್ತು. ಅದನ್ನೇ ಹೇಳಬೇಕೆಂದು ಬಸವಕುಮಾರ್ ಮನೆಗೆ ಬಂದ. ಮಂಗಳಾ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು ಇಟಲಿಯೋರು? ತಿಂದು ನೋಡಿದ್ರಾ?" ಎಂದು ಕೇಳಿದಳು. ಅವಳ ಮುಖ ನೋಡಿ ಅವನ ಬಾಯಿಗೆ ಬಂದದ್ದು, "ಹೂಂ, ಬೆಲ್ಲದ ಜೊತೆ ತಿಂದ್ರಂತೆ. ಶಾನೆ ಚೆನ್ನಾಗಿತ್ತಂತೆ. ಮೆಸೇಜ್ ಹಾಕವ್ರೆ."

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿ ಸಲವೂ ಅವನು ಏರ್‌ಪೋರ್ಟಿಗೆ ಮುಂಚೆ, ದೊಡ್ಡಬಳ್ಳಾಪುರದ ಟೀ ಅಂಗಡಿಯಲ್ಲಿ, ವಿಷಯ ತಿಳಿಸಿ ಕೊಬ್ಬರಿಯನ್ನು ವಾಪಸು ಇಸಿದುಕೊಳ್ಳುತ್ತಿದ್ದ. ರವಿಕೆ ಕಣ ಅವರಿಗೆ, ಕೊಬ್ಬರಿ ಇವನಿಗೆ. ಮನೆಗೆ ಒಯ್ಯುವಂತಿಲ್ಲ, ಬಿಸಾಡಲು ಕೈ ಬರುವುದಿಲ್ಲ. ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಬಾಡಿಗೆಗೆ ಕಾಯುವ ಡ್ರೈವರುಗಳಿಗೆ ಹಂಚಿಬಿಡುತ್ತಿದ್ದ. ತಾನೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಇತ್ತ ಮಂಗಳಾ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೇಶಗಳನ್ನು ಬರೆದಿಡುತ್ತಿದ್ದಳು. ಇಟಲಿ, ಜರ್ಮನಿ, ಜಪಾನು, ಹೀಗೆ ಹದಿನಾಲ್ಕು. ಪಕ್ಕದ ತೋಟದ ಶಿವರುದ್ರಮ್ಮ ಬಂದಾಗಲೆಲ್ಲ ಕ್ಯಾಲೆಂಡರು ಗೋಡೆಯಿಂದ ಇಳಿಯುತ್ತಿತ್ತು. "ನಾನು ತುಮಕೂರು ದಾಟಿದ್ದೇ ನಾಕು ಸಲ. ನಮ್ಮ ಕೊಬ್ಬರಿ ನೋಡಕ್ಕಾ, ಹದಿನಾಕು ದೇಸ ಸುತ್ತೈತೆ!" ಎನ್ನುವಳು. ಆ ಮಾತು ಕಿವಿಗೆ ಬಿದ್ದಾಗ ಬಸವಕುಮಾರ್ ಕಾರು ಒರೆಸುವ ನೆಪದಲ್ಲಿ ಹೊರಗೆ ಹೋಗುತ್ತಿದ್ದ.

ಇಂದಿನ ಅತಿಥಿ ಇಂಗ್ಲೆಂಡಿನ ಡೊರೀನ್, ಎಪ್ಪತ್ತರ ಮುದುಕಿ, ಒಬ್ಬಳೇ ಬಂದು ಎರಡು ವಾರ ಕಡಲ ಮುಂದೆ ಕುಳಿತು ಹೊರಟವಳು. ವಿಮಾನ ಸಂಜೆಗೆ. ಬೆಳಗಿನ ಜಾವ ಬಿಟ್ಟಿದ್ದರಿಂದ ಹನ್ನೊಂದಕ್ಕೆಲ್ಲ ಜಗಲಿ ಮೇಲೆ ಕಾಫಿ ಮುಗಿದು, ಮಡಿಲು ತುಂಬುವುದೂ ಮುಗಿಯಿತು. ಆಗ ಮಂಗಳಾ ಒಳಗಿನಿಂದ ಸೀರೆ ಬದಲಿಸಿಕೊಂಡು, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಬಂದಳು. ಯಲಹಂಕದಲ್ಲಿ ಅವಳ ತಂಗಿಯ ಮಗಳು ಇಂಪನಾ ಹೆತ್ತು ಹದಿನೈದು ದಿನವಾಗಿತ್ತು.

"ಬಾಣಂತಿಗೆ ಕೊಬ್ಬರಿ ಕೊಟ್ಟು ಮಗು ನೋಡ್ಕೊಂಡು ಬತ್ತೀನಿ ಕಣ್ರೀ. ಹೆಂಗೂ ಏರ್‌ಪೋರ್ಟ್ ಪಕ್ಕದಲ್ಲೇ ಅಲ್ವಾ ಯಲಹಂಕ?"

"ಅಯ್ಯೋ, ಗೆಸ್ಟ್ ಕಾರಲ್ಲಿ ಬೇರೆಯೋರು ಕೂರಂಗಿಲ್ಲ ಕಣೇ. ಕಂಪನಿ ರೂಲು."

ಮಾತು ಅರ್ಥವಾಗದಿದ್ದರೂ ಚೀಲವೂ ಸೀರೆಯೂ ಡೊರೀನಳಿಗೆ ಅರ್ಥವಾದವು. ಎದ್ದುಹೋಗಿ ಮುಂದಿನ ಬಾಗಿಲನ್ನು ತಾನೇ ತೆರೆದು, ಬಾ ಬಾ ಎಂದು ಮಂಗಳಾಳನ್ನು ಕರೆದಳು. ರೂಲಿನ ಕಥೆ ಅಲ್ಲಿಗೆ ಮುಗಿಯಿತು.

ಕೆ.ಬಿ. ಕ್ರಾಸ್ ದಾಟಿತು, ಗುಬ್ಬಿ ದಾಟಿತು. ಹೆಂಗಸರಿಬ್ಬರೂ ಮಾತಾಡುತ್ತಿದ್ದರು. ನಡುವೆ ದುಭಾಷಿ ಬಸವಕುಮಾರ್. ಇವಳ ಕನ್ನಡವನ್ನು ತನ್ನ ರಸ್ತೆ ಇಂಗ್ಲಿಷಿಗೆ, ಅವಳ ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಮಾಡಿ ಅವನ ಬಾಯಿ ಒಣಗಿತ್ತು. ಡೊರೀನ್ ಹಸಿರು ಗಂಟನ್ನು ಮೂಗಿನ ಹತ್ತಿರ ಹಿಡಿದು ಏನೋ ಹೇಳಿದಳು.

"ಏನಂತೆ?"

"ಅವ್ರ ಅಕ್ಕ ಇದಾರಂತೆ, ಹಾಸಿಗೆ ಹಿಡಿದವ್ರೆ. ಭಾನುವಾರ ಇದನ್ನ ತುರಿದು ಕೇಕ್ ಮಾಡಿ ಅವ್ರಿಗೆ ತಿನ್ನಿಸ್ತಾರಂತೆ."

ಮಂಗಳಾ ತಿರುಗಿ ಡೊರೀನಳ ಕೈ ಹಿಡಿದುಕೊಂಡಳು. ಬಸವಕುಮಾರ್ ಕನ್ನಡಿಯಿಂದ ಕಣ್ಣು ಕಿತ್ತು ರಸ್ತೆ ನೋಡಿದ. ಇವತ್ತು ಒಂದು ಸುಳ್ಳನ್ನೂ ಸೇರಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಅದೇ ಅವನ ಕುತ್ತಿಗೆಗೆ ಬಂದಿತ್ತು.

ದಾಬಸ್‌ಪೇಟೆಯಲ್ಲಿ ಹೊರಳಿ ದೊಡ್ಡಬಳ್ಳಾಪುರಕ್ಕೆ ಬಂದರು. ಎಂದಿನ ಟೀ ಅಂಗಡಿ, ಎಂದಿನ ಬೆಂಚು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಮಂಗಳಾ ಕೈ ತೊಳೆಯಲು ಹೋದದ್ದೇ ತಡ, "ಮೇಡಂ, ದಟ್ ಕೋಕನಟ್..." ಎಂದು ಬಾಯಿ ತೆರೆದ. ಡೊರೀನ್ ಆ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಕ್ಕಳು. ಅಷ್ಟರಲ್ಲಿ ಮಂಗಳಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲೇ ಕುಳಿತಳು. "ವೆರಿ ಗುಡ್ ಕೋಕನಟ್," ಎಂದು ಮಾತು ಮುಗಿಸಿದ. ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡ.

ಏರ್‌ಪೋರ್ಟಿನ ಬಾಗಿಲಲ್ಲಿ ಡೊರೀನ್ ಮಂಗಳಾಳನ್ನು ತಬ್ಬಿಕೊಂಡು, ಹಿಂದಿರುಗಿ ನೋಡುತ್ತಾ, ಹಸಿರು ಗಂಟನ್ನು ಎತ್ತಿ ತೋರಿಸುತ್ತಾ ಒಳಗೆ ಹೋದಳು. ಗಾಜಿನ ಆಚೆ ಮರೆಯಾಗುವವರೆಗೂ ಮಂಗಳಾ ಕೈ ಬೀಸಿದಳು. "ಹದಿನೈದಾಯ್ತು," ಎಂದಳು. ಈಗಲಾದರೂ ಓಡಿಹೋಗಿ ತಡೆದು ಹೇಳಬಹುದಿತ್ತು. ಬಸವಕುಮಾರ್ ಓಡಲಿಲ್ಲ. ಗಾಡಿ ನಿಲ್ಲಿಸಬೇಡಿ ಎಂದು ಸೀಟಿ ಊದುತ್ತಿದ್ದವನ ನೆಪ ಸಿಕ್ಕಿತು, ಕಾರು ಹತ್ತಿದ.

ಸೀದಾ ಯಲಹಂಕಕ್ಕೆ ಹೋಗಿಬಿಡುವ ಲೆಕ್ಕ ಅವನದು. ಆದರೆ ಮಂಗಳಾಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಪಾರ್ಕಿಂಗಿಗೆ ತಿರುಗಿಸದೆ ಗತಿಯಿರಲಿಲ್ಲ. ಅವಳು ಹೋಗಿ ಬರುವ ಹೊತ್ತಿಗೆ ಹೊರಟುಬಿಡಬೇಕೆಂದು ಇಂಜಿನ್ ಆರಿಸದೆ ಕಾದ. ಅವಳು ಬಂದಳು. ಅವಳ ಬೆನ್ನ ಹಿಂದೆಯೇ ಶಿರಾದ ಡ್ರೈವರ್ ಸಲ್ಮಾನ್, ಅವನ ಜೊತೆಗೆ ಇನ್ನೂ ನಾಲ್ಕೈದು ಡ್ರೈವರುಗಳು, ಟೀ ಲೋಟ ಹಿಡಿದು ನಗುತ್ತಾ ಬಂದರು.

"ಏನ್ ಬಸ್ವಣ್ಣ, ಆಗ್ಲಿಂದ ನೋಡ್ತಾ ಇದೀನಿ, ಕಾರಿಂದ ಇಳೀತಾನೇ ಇಲ್ಲ? ಇವತ್ತು ಕೊಬ್ಬರಿ ಇಲ್ವಾ?"

ಮಂಗಳಾ ನಿಂತಳು. "ಯಾವ ಕೊಬ್ಬರಿನಪ್ಪಾ?"

"ಪ್ಯಾಸೆಂಜರ್‌ದು ಅಕ್ಕಾ. ಒಳಗೆ ಬಿಡಲ್ವಲ್ಲಾ, ಬೆಂಕಿ ಹತ್ಕೊಳ್ಳೋ ಮಾಲು ಅಂತ. ಬಸ್ವಣ್ಣ ಇಸ್ಕೊಂಡು ಬಂದು ನಮಗೆ ಹಂಚ್ತಾರೆ. ಎಷ್ಟು ವರ್ಷದಿಂದಾನೋ! ನೀವು ಅಣ್ಣಂಗೆ ಏನಾಗ್ಬೇಕು?"

"ನಾನು ಆ ಕೊಬ್ಬರಿ ಕೊಡೋಳು," ಎಂದಳು ಮಂಗಳಾ.

ಬಸವಕುಮಾರ್ ಇಂಜಿನ್ ಆರಿಸಿದ. ಸಲ್ಮಾನನಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ತಿಳಿದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದನೋ ಏನೋ. "ಅರೆ, ನೀವೇನಾ ಅಕ್ಕಾ! ನನ್ನ ಹೆಂಡ್ತಿ ನೌಶೀನ್ ಬಾಣಂತನದಲ್ಲಿ ಅಂಟಿನುಂಡೆ ಮಾಡಿದ್ದೆಲ್ಲ ನಿಮ್ಮ ಕೊಬ್ಬರೀಲೇ. ಇಂಥ ಕೊಬ್ಬರಿ ಅಂಗಡೀಲಿ ಸಿಗಲ್ಲ ಅಂತಿದ್ಲು. ಮಗುಗೆ ಈಗ ಮೂರು ವರ್ಷ," ಎಂದು ಫೋನು ತೆಗೆದು ಮಗಳ ಫೋಟೋ ತೋರಿಸಿದ. ಚಿಂತಾಮಣಿಯವನೊಬ್ಬ, ತನ್ನ ತಾಯಿ ಅದನ್ನು ಬೆಲ್ಲದ ಜೊತೆ ಮುಚ್ಚಿಟ್ಟುಕೊಂಡು ತಿನ್ನುತ್ತಾರೆ ಎಂದ. ಮಂಗಳಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಮಗು ಚೆನ್ನಾಗಿದೆ ಎಂದಳು. ಆಮೇಲೆ ಕೇಳಿದಳು:

"ಹಂಗಾರೆ ಒಳಗೆ ಹೋದ ಕೊಬ್ಬರಿ ಏನಾಗ್ತದಪ್ಪ?"

"ಕಸದ ಡಬ್ಬಿಗೆ ಹಾಕ್ತಾರೆ ಅಕ್ಕಾ."

ಡ್ರೈವರುಗಳು ತಮ್ಮ ತಮ್ಮ ಗಾಡಿಗೆ ಹೋದ ಮೇಲೆ ಮಂಗಳಾ ಕಟ್ಟೆಯ ಮೇಲೆ ಕುಳಿತಳು. ಬಸವಕುಮಾರ್ ಎದುರಿಗೆ ನಿಂತ. ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಏಳು ವರ್ಸದ್ದು ತಿಂದೋರ ಹೊಟ್ಟೆ ಸೇರ್ತು. ಅದು ಬುಡಿ, ಬಾಣಂತಿ ತಿಂದ್ಲು, ಸಂತೋಸ. ಇವತ್ತಿಂದು? ಆಯಮ್ಮ ಎದೆಗವುಚ್ಕೊಂಡು ಹೋಯ್ತಲ್ರೀ. ನಿಮ್ಮ ಸುಳ್ಳು ಉಳೀಲಿ ಅಂತ ಅದನ್ನ ಕಸಕ್ಕೆ ಹೋಗಕ್ಕೆ ಬುಟ್ರಲ್ಲಾ."

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕ್ಯಾಲೆಂಡರಿನ ಮಾತು ಎತ್ತುತ್ತಾಳೆ, ಶಿವರುದ್ರಮ್ಮನ ಮುಂದೆ ಮಾನ ಹೋಯಿತು ಎನ್ನುತ್ತಾಳೆ ಎಂದು ಹೆದರಿದ್ದ. ಅವಳಿಗೆ ಚುಚ್ಚಿದ್ದು ಇವತ್ತಿನ ಎರಡು ಕೊಬ್ಬರಿ.

ಫೋನು ಬಡಿದುಕೊಂಡಿತು. ಡೊರೀನ್. ಒಳಗಿನಿಂದ ಮಾಡುತ್ತಿದ್ದಳು. ಮಂಗಳಾ ತಲೆಯೆತ್ತಿದಳು.

"ಏನಂತಾರೆ? ಇದ್ದಿದ್ದು ಇದ್ದಂಗೆ ಹೇಳಿ."

"ಕೊಬ್ಬರಿ ಕಿತ್ಕೊಂಡ್ರಂತೆ," ಎಂದ ಬಸವಕುಮಾರ್. "ಬಟ್ಟೆ ಮಾತ್ರ ಬುಟ್ರಂತೆ. ನಿನ್ನ ಹತ್ರ ಕ್ಷಮೆ ಕೇಳು ಅಂತಾವ್ರೆ. ನೀನು ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂತ."

"ತಪ್ಪು ಅವ್ರದ್ದಲ್ಲ ಅನ್ನಿ. ಗೊತ್ತಿದ್ದೂ ಹೇಳ್ದೆ ಇದ್ದೋನು ನಾನು ಅನ್ನಿ. ಅದನ್ನೂ ಇದ್ದಂಗೆ ಹೇಳಿ."

ಹೇಳಿದ. ಮುರುಕು ಇಂಗ್ಲಿಷಿನಲ್ಲಿ, ಒಂದು ಮಾತನ್ನೂ ನುಂಗದೆ ಹೇಳಿದ. ಡೊರೀನ್ ಮೆಲ್ಲಗೆ ಏನೋ ಹೇಳಿ ಫೋನಿಟ್ಟಳು. ಮುಂದಿನ ವರ್ಷ ಬರುತ್ತೇನೆ, ನಿಮ್ಮ ಮನೆಯಲ್ಲೇ ಕೂತು ತಿನ್ನುತ್ತೇನೆ ಎಂದಿದ್ದಳು. ಅದನ್ನೂ ಅವನು ಮಂಗಳಾಗೆ ಹೇಳಿದ.

ಮಂಗಳಾ ಹೂಂ ಎಂದಳು. ಚೀಲವನ್ನು ಮಡಿಲಿಗೆ ಎಳೆದುಕೊಂಡು ಏನನ್ನೋ ಯೋಚಿಸುತ್ತಿದ್ದಳು.

"ಅದು ಸರಿ. ಬೆಲ್ಲದ ಜೊತೆ ತಿಂದು ಶಾನೆ ಚೆನ್ನಾಗೈತೆ ಅಂದ್ರಲ್ಲ ಇಟಲಿಯೋರು, ಅದ್ಯಾರು?"

"ನಾನು."

"ಇಂಥ ಸಿಹಿ ಕೊಬ್ಬರಿ ಜನ್ಮದಲ್ಲಿ ತಿಂದಿಲ್ಲ ಅಂದಿದ್ದು ಜರ್ಮನಿಯೋಳು?"

"ನಾನೇ ಕಣೇ."

"ಈ ಕೈಗೆ ಚಿನ್ನದ ಬಳೆ ಹಾಕ್ಬೇಕು ಅಂದೋರು? ಜಪಾನು?"

ಬಸವಕುಮಾರ್ ತಲೆ ತಗ್ಗಿಸಿದ. ಅವನು ಊಟಕ್ಕೆ ಕುಳಿತರೆ, ಸಾರು ಹೆಂಗಿದೆ ಎಂದು ಕೇಳಿದರೂ ಹೂಂ ಎಂದಷ್ಟೇ ಹೇಳಿ ಕೈ ತೊಳೆಯುವ ಗಂಡಸು. ಹದಿನಾಲ್ಕು ದೇಶದವರ ಹೊಗಳಿಕೆಯನ್ನು ಅವಳು ಒಂದೊಂದಾಗಿ ಬಿಡಿಸಿ ಕೇಳಿದಳು. ಒಂದನ್ನೂ ಮರೆತಿರಲಿಲ್ಲ. ಹದಿನಾಲ್ಕಕ್ಕೂ ಅವನು ನಾನು ನಾನು ಎಂದ.

"ಇಪ್ಪತ್ತಾರು ವರ್ಸದಿಂದ ಒಂದೇ ಮನೇಲಿದೀವಿ," ಎಂದಳು ಮಂಗಳಾ. "ಅದನ್ನ ಹೇಳಕ್ಕೆ ಇಟಲಿಗೆ ಹೋಗ್ಬೇಕಿತ್ತಾ?"

ಚೀಲದಿಂದ ಇಂಪನಾಳಿಗೆಂದು ತಂದ ಕೊಬ್ಬರಿಯಲ್ಲಿ ಒಂದನ್ನು ತೆಗೆದು ಕಟ್ಟೆಯ ಅಂಚಿಗೆ ಕುಟ್ಟಿ ಒಡೆದಳು. ದೊಡ್ಡ ಹೋಳನ್ನು ಅವನ ಕೈಗಿಟ್ಟಳು. ಅವನು ನಿಂತಲ್ಲೇ ತಿಂದ. ಅವಳು ಅವನ ದವಡೆಯನ್ನೇ ನೋಡುತ್ತಿದ್ದಳು.

"ಹೆಂಗೈತೆ?"

"ಶಾನೆ ಚೆನ್ನಾಗೈತೆ."

"ಯಾರು ಹೇಳಿದ್ದು?"

"ನಾನು," ಎಂದ ಬಸವಕುಮಾರ್.