ಸೋನಾಲಿಯ ಅಲಾರಂ ಯಾರ ಫೋನಿಗೆ?

"ನಮ್ಮ ಹುಡುಗಿಗೆ ಜಡ್ಡು ಐತಿ ಅಂತ ತೋಳ ಮ್ಯಾಲ ಬೋರ್ಡು ಹಚ್ಕೊಂಡು ತಿರಗಬೇಕೇನು? ನಡಿ ನಡಿ, ನಿನ್ನ ದವಾಖಾನಿ ಮಾತು ದವಾಖಾನ್ಯಾಗ ಇಟ್ಟು ಬಾ!"

ಹೀಗೆ ಹೇಳಿ ಗಂಗುಬಾಯಿ ಪಕ್ಕದ ಮನೆಯ ನಮಿತಾಳ ಬಾಯಿ ಮುಚ್ಚಿಸಿದ್ದು ದೀಪಾವಳಿಯ ಹೊತ್ತಿಗೆ. ಮುಂಬೈಯ ಸಯನ್ ಸ್ಟೇಷನ್ನಿನ ಹತ್ತಿರದ ಹಳೆಯ ಬಿಲ್ಡಿಂಗು, ಗೋಡೆಗೆ ಗೋಡೆ ಹತ್ತಿದ ಎರಡು ಮನೆ. ಒಂದರಲ್ಲಿ ವಿಜಯಪುರ ಕಡೆಯ ಗಂಗುಬಾಯಿ, ಫೋರ್ಟಿನಲ್ಲಿ ನೌಕರಿ ಮಾಡುವ ಗಂಡ ಸಂಗಪ್ಪ, ಇಪ್ಪತ್ಮೂರರ ಮಗಳು ಸೋನಾಲಿ. ಇನ್ನೊಂದರಲ್ಲಿ ಉಡುಪಿ ಕಡೆಯ ನಮಿತಾ, ಆಸ್ಪತ್ರೆಯೊಂದರಲ್ಲಿ ನರ್ಸು.

ಸೋನಾಲಿಗೆ ಮಧುಮೇಹ ಬಂದಾಗ ಅವಳಿಗೆ ಹನ್ನೊಂದು ವರ್ಷ. ಮಕ್ಕಳಿಗೂ ಬರುವ ಮಧುಮೇಹ ಅದು. ಮೈಯೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಸಿಹಿ ತಿಂದದ್ದಕ್ಕೆ ಬಂದದ್ದೂ ಅಲ್ಲ, ಸಿಹಿ ಬಿಟ್ಟರೆ ಹೋಗುವಂಥದ್ದೂ ಅಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಹನ್ನೆರಡು ವರ್ಷ ಈ ಸಂಗತಿ ನೆಂಟರಿಷ್ಟರಲ್ಲಿ ಒಬ್ಬರಿಗೂ ಗೊತ್ತಾಗದ ಹಾಗೆ ಗಂಗುಬಾಯಿ ನೋಡಿಕೊಂಡಿದ್ದಳು. ಮದುವೆಮನೆಗಳಲ್ಲಿ ಬಾತ್‌ರೂಮಿನ ಚಿಲಕ ಹಾಕಿಕೊಂಡು ಸೂಜಿ ಚುಚ್ಚಿಕೊಂಡು, ಹೊರಗೆ ಬಂದು ನಗುತ್ತ ಎಲೆಯ ಮುಂದೆ ಕೂತ ಹುಡುಗಿ ಸೋನಾಲಿ.

ದೀಪಾವಳಿಗೆ ಮುಂಚೆ ಡಾಕ್ಟರು ಹೊಸ ಮಾತೊಂದು ಹೇಳಿದ್ದರು. ಸೋನಾಲಿಯ ಸಕ್ಕರೆ ಆಗಾಗ ಇಳಿಯುತ್ತಿದೆ, ಮೊದಲು ಕೈನಡುಕ ಬಂದು ತಿಳಿಯುತ್ತಿತ್ತು, ಈಗ ಆ ಸೂಚನೆಯೇ ಬರುತ್ತಿಲ್ಲ, ಆದ್ದರಿಂದ ಸೆನ್ಸರ್ ಹಾಕಿಸಿ ಎಂದು.

"ನೋಡಿ ಗಂಗಕ್ಕ," ಎಂದು ನಮಿತಾ ಬಿಡಿಸಿ ಹೇಳಿದ್ದಳು, "ಒಂದು ರೂಪಾಯಿ ನಾಣ್ಯದಷ್ಟು ಬಿಲ್ಲೆ. ತೋಳಿನ ಹಿಂದೆ ಅಂಟಿಸುವುದು. ಹಗಲೂ ರಾತ್ರಿ ಸಕ್ಕರೆ ಎಷ್ಟುಂಟು ಅಂತ ಫೋನಿನಲ್ಲಿ ತೋರಿಸ್ತದೆ. ಇಳೀಲಿಕ್ಕೆ ಶುರುವಾದ್ರೆ ಅಲಾರಂ ಹೊಡೀತದೆ. ಬೆರಳು ಚುಚ್ಚುವ ಮಿಷನ್ನು ಚುಚ್ಚಿದಾಗ ಮಾತ್ರ ಹೇಳುವುದು. ಇದು ಕೇಳದೆಯೂ ಹೇಳ್ತದೆ."

"ಲೋಕಲ್‌ನ್ಯಾಗ ನಿಂತಾಗ ನಮ್ಮ ಸಮಾಜದ ಮಂದಿ ನೋಡಿದ್ರ? ಇದೇನವಾ ಅಂತ ಕೇಳಿದ್ರ? ಮದುವಿ ಆಗೂ ಹುಡುಗಿ ಅಕಿ!"

"ಮಮ್ಮಿ, ಫುಲ್ ಸ್ಲೀವ್ಸ್ ಹಾಕೊಳ್ತೀನಿ. ಯಾರಿಗೂ ಕಾಣಲ್ಲ, ದಿಖೇಗಾ ನಹೀಂ," ಎಂದಿದ್ದಳು ಸೋನಾಲಿ.

"ಅಂಗೀ ಒಳಗಿಂದ ಅದು ಕುಂಯ್ ಕುಂಯ್ ಅಂದ್ರ? ಹೊಟ್ಟ್ಯಾಗ ಬೆಕ್ಕು ಸಾಕೀನಿ ಅಂತೀಯೇನು?"

ಸಂಗಪ್ಪ ಪೇಪರಿನ ಹಿಂದಿನಿಂದ ಮುಖ ತೆಗೆಯಲಿಲ್ಲ. ಸೋನಾಲಿಯೂ ಮತ್ತೆ ಕೇಳಲಿಲ್ಲ.

ಸಂಕ್ರಾಂತಿ ಬಂತು. ಗಂಗುಬಾಯಿಯ ಕುಸುರೆಳ್ಳು ಅಂದರೆ ಮಾಟುಂಗದವರೆಗೂ ಹೆಸರು. ಎಳ್ಳಿನ ಕಾಳಿಗೆ ಸಕ್ಕರೆ ಪಾಕ ಹನಿಹನಿಯಾಗಿ ಬಿಟ್ಟು, ಸಣ್ಣ ಉರಿಯಲ್ಲಿ ಮೂರು ದಿನ ಕೈಯಾಡಿಸಿ, ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿನ ಮುಳ್ಳು ಬರಿಸುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಅರಿಶಿನ ಕುಂಕುಮ. ಹತ್ತು ಮಂದಿ ಮುತ್ತೈದೆಯರಿಗೆ ಕರೆ. ಅವರಲ್ಲಿ ಮುಖ್ಯ ಅತಿಥಿ ಮಾಟುಂಗದ ಶರಣವ್ವ. ಅವರ ಮಗ ಸದಾನಂದನಿಗೆ ಹೆಣ್ಣು ಹುಡುಕುತ್ತಿದ್ದರು. ಹುಡುಗಿಯನ್ನು ನೋಡಿದಂತೆಯೂ ಆಗುತ್ತದೆ, ನೋಡಲು ಬಂದೆವು ಎಂದು ಹೇಳಿದಂತೆಯೂ ಆಗುವುದಿಲ್ಲ. ಅಂಥ ಕರೆ ಅದು.

ಒಂದು ಗಂಟೆಗೆ ಸೋನಾಲಿ ಊಟದ ಲೆಕ್ಕದ ಇನ್ಸುಲಿನ್ ತಗೊಂಡು ತಟ್ಟೆಯ ಮುಂದೆ ಕೂತಳು. ಮೊದಲ ತುತ್ತು ಮುರಿಯುವಷ್ಟರಲ್ಲಿ ಬೆಲ್ಲಾಯಿತು. ಮೂರು ಗಂಟೆಗೆ ಬರಬೇಕಾದವರು ಒಂದೂ ಕಾಲಿಗೇ ಬಂದಿದ್ದರು. ಹಳಿ ರಿಪೇರಿಯ ಮೆಗಾ ಬ್ಲಾಕ್ ಇದೆ, ಟ್ರೇನು ತಡವಾದೀತು ಎಂದು ಬೇಗ ಹೊರಟವರು.

ಗಂಗುಬಾಯಿ ತಟ್ಟೆ ಎತ್ತಿಬಿಟ್ಟಳು. "ಏಳು, ಸೀರಿ ಉಟ್ಕೋ. ಮುತ್ತೈದೇರಿಗೆ ಉಡಿ ತುಂಬೂತನಾ ಮನಿ ಹೆಣ್ಣುಮಕ್ಕಳು ಉಣಬಾರದು."

"ಮಮ್ಮಿ, ಇನ್ಸುಲಿನ್ ತಗೊಂಡಾಯ್ತು."

"ಮೆಲ್ಲಕ ಮಾತಾಡು! ಹೊರಗ ಕೇಳಸ್ತೈತಿ. ಒಂದು ತಾಸಿನ್ಯಾಗ ಏನ್ ಆಕ್ಕೈತಿ?"

ಆಗಬೇಕಾದದ್ದು ಆಯಿತು. ಇನ್ಸುಲಿನ್ ಹೊಟ್ಟೆಗೆ ಅನ್ನ ಬರುತ್ತದೆಂದು ಕಾಯುವುದಿಲ್ಲ. ಮೈಯಲ್ಲಿದ್ದ ಸಕ್ಕರೆಯನ್ನೇ ಇಳಿಸುತ್ತ ಹೋಗುತ್ತದೆ. ಸೋನಾಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದಳು. ಒಬ್ಬರಿಗೆ ಎರಡು ಸಲ ಕುಂಕುಮ ಹಚ್ಚಿದಳು. ಶರಣವ್ವ ಹೆಸರು ಕೇಳಿದರೆ ಸುಮ್ಮನೆ ನಕ್ಕಳು. ಜನವರಿಯ ತಂಪಿನಲ್ಲೂ ರವಿಕೆ ಬೆವರಿಗೆ ಒದ್ದೆಯಾಗಿತ್ತು. ತಟ್ಟೆ ಕೈಜಾರಿ ಠಣ್ಣೆಂದು ಬಿತ್ತು. ಅವಳು ಅಲ್ಲೇ ಕುಸಿದು ಕೂತಳು.

ಶರಣವ್ವ ಅವಳ ಕೈ ಹಿಡಿದು ನೋಡಿದರು. "ಅಯ್ಯ, ಹುಡುಗೀ ಕೈ ತಣ್ಣಗಾಗ್ಯಾವಲ್ಲವಾ! ಶುಗರ್ ಇಳದಾಗ ನಮ್ಮ ಮನಿಯವರಿಗೂ ಹಿಂಗ ಆಗತೈತಿ. ತಾ ಇಲ್ಲಿ ಕುಸುರೆಳ್ಳು, ಇಲ್ಲಾ ಸಕ್ರಿ ನೀರರೆ ಕುಡಸು. ಎಚ್ಚರ ಅದಾಳ, ನುಂಗತಾಳ."

"ಕೊಡಬ್ಯಾಡ್ರಿ!" ಗಂಗುಬಾಯಿ ಅಡ್ಡ ನಿಂತಳು. "ಶುಗರ್ ಗಿಗರ್ ಏನಿಲ್ರೀ ನಮ್ಮ ಹುಡುಗಿಗೆ. ಪಿತ್ತ, ಅಷ್ಟ. ಒಂದೀಟು ಮಲಗಿದ್ರ ಸುಧಾರಸ್ತಾಳ."

ಒಳಗೊಳಗೆ ಅವಳ ಲೆಕ್ಕ ಬೇರೆ ಇತ್ತು. ಬೆಳಿಗ್ಗೆ ಮಗಳು ಒಂದು ಮುಷ್ಟಿ ಕುಸುರೆಳ್ಳು ಬಾಯಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದಳು. ಅದಕ್ಕೇ ಸಕ್ಕರೆ ಏರಿದೆ, ಇನ್ನೂ ಕೊಟ್ಟರೆ ಕೈಮೀರಿ ಹೋಗುತ್ತದೆ ಎಂದುಕೊಂಡಳು. ಚುಚ್ಚಿ ನೋಡುವ ಮಿಷನ್ನು ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ಹತ್ತು ಮಂದಿಯ ಎದುರು ಅದನ್ನು ಹೊರಗೆ ತೆಗೆಯುವುದು ಹೇಗೆ? ಮಗಳನ್ನು ನಡೆಸಿಕೊಂಡು ಹೋಗಿ ಒಳಕೋಣೆಯಲ್ಲಿ ಮಲಗಿಸಿ, ಯಾರೂ ಇಣುಕದಿರಲೆಂದು ಬಾಗಿಲು ಹಾಕಿಕೊಂಡು ಬಂದಳು.

ಹೊರಗೆ ಚಹಾ ಆಯಿತು. ಒಗ್ಗರಣೆ ಅವಲಕ್ಕಿ ಆಯಿತು. ಪ್ರತಿಯೊಬ್ಬರ ಉಡಿಯಲ್ಲೂ ಒಂದೊಂದು ಪೊಟ್ಟಣ ಕುಸುರೆಳ್ಳು. ಅರ್ಧ ತಾಸು ಕಳೆದಿತ್ತು. ಒಳಗೆ ಏನೋ ಉರುಳಿದ ಸದ್ದು.

ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ನಮಿತಾ ಕೇಳಿದ್ದು ಗಂಗುಬಾಯಿಯ ಕೂಗು. ಓಡಿ ಬಂದು ನೋಡಿದರೆ ಸೋನಾಲಿ ನೆಲದ ಮೇಲೆ, ಕೈಕಾಲು ಸೆಳೆಯುತ್ತಿವೆ, ಕಚ್ಚಿದ ನಾಲಗೆಯಿಂದ ರಕ್ತ. ಗಂಗುಬಾಯಿ ಚಮಚದಲ್ಲಿ ನೀರು ಹಿಡಿದು ಬಾಯಿ ಬಿಡಿಸಲು ನೋಡುತ್ತಿದ್ದಾಳೆ.

"ಬಾಯಿಗೆ ಎಂತದೂ ಹಾಕ್ಬೇಡಿ ಈಗ! ಶ್ವಾಸಕ್ಕೆ ಹೋಗ್ತದೆ! ಒಂದು ಮಗ್ಗುಲಿಗೆ ತಿರುಗಿಸಿ. ಮಿಷನ್ ಎಲ್ಲುಂಟು?"

ಸೀರೆಗಳೆಲ್ಲ ನೆಲಕ್ಕೆ ಬಿದ್ದವು. ಹತ್ತು ಮಂದಿಯೂ ಬಾಗಿಲಲ್ಲಿ ನಿಂತು ನೋಡಿದರು. ಮಿಷನ್ನಿನಲ್ಲಿ ಬಂದ ಅಂಕಿ ಇಪ್ಪತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯದ ಸೂಚನೆ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದು ನರಕ್ಕೆ ಗ್ಲೂಕೋಸ್ ಏರಿಸಿದ ಮೇಲೆ ಸೋನಾಲಿ ಕಣ್ಣು ಬಿಟ್ಟಳು. ನಾಲಗೆಗೆ ಮೂರು ಹೊಲಿಗೆ.

ಮರುದಿನ ಶರಣವ್ವ ಆಸ್ಪತ್ರೆಗೆ ಬಂದರು. ಗಂಗುಬಾಯಿ ಕೈಮುಗಿದು, "ಅಕ್ಕಾರ, ನಿಮಗ ಮುಚ್ಚಿಟ್ಟೆ. ತಪ್ಪಾತು," ಎಂದಳು.

"ಮೂವತ್ತು ವರ್ಷ ಶುಗರಿನ ಗಂಡನ ಜೋಡಿ ಬಾಳ್ವೆ ಮಾಡೀನಿ ನಾ," ಎಂದರು ಶರಣವ್ವ. "ಜಡ್ಡಿಗೆ ನಾ ಅಂಜಂಗಿಲ್ಲ ಗಂಗಾ. ಆದ್ರ ಮಗಳು ಜೀವಕ್ಕ ಬಡಿದಾಡೂ ಹೊತ್ತಿನ್ಯಾಗ ಬಾಗಲಾ ಹಾಕ್ಕೊಂಡು ನಮಗ ಅವಲಕ್ಕಿ ನೀಡಿದಿ. ನಿನ್ನ ಜೋಡಿ ಬೀಗತನ ಹ್ಯಾಂಗ ಮಾಡ್ಲಿ?"

ಸೋನಾಲಿಯ ತಲೆ ಸವರಿ ಹೊರಟುಹೋದರು.

ಅವರು ಹೋದಮೇಲೆ ಸೋನಾಲಿ ಮೊದಲ ಸಲ ಬಾಯಿಬಿಟ್ಟಳು. ಹೊಲಿಗೆ ಹಾಕಿದ ನಾಲಗೆ, ಮಾತು ತಡೆತಡೆದು ಬಂತು. "ಮಮ್ಮಿ, ಆವಾಗ ನಂಗೆ ಕೇಳಿಸ್ತಿತ್ತು. ಆಂಟಿ ಕೊಡೋಕೆ ಬಂದ್ರು. ನೀನು ಕೊಡಬ್ಯಾಡ್ರಿ ಅಂದಿ. ಮುಝೆ ಸಬ್ ಸುನಾಈ ದೇ ರಹಾ ಥಾ."

ಗಂಗುಬಾಯಿ ಮಗಳ ಕಾಲ ಮೇಲಿನ ಚಾದರ ಎಳೆದು ಸರಿಮಾಡಿದಳು.

ಡಿಸ್ಚಾರ್ಜ್ ಆದ ವಾರ ಸಂಗಪ್ಪನೇ ಡಾಕ್ಟರ ಹತ್ತಿರ ಕೂತು ಸೆನ್ಸರಿನ ಚೀಟಿ ಬರೆಸಿಕೊಂಡು ಬಂದ. ನಮಿತಾ ಸೋನಾಲಿಯ ತೋಳಿಗೆ ಬಿಲ್ಲೆ ಅಂಟಿಸಿದಳು. ಚಿಟಿಕೆ ಹೊಡೆದಷ್ಟು ಹೊತ್ತು, ಇರುವೆ ಕಚ್ಚಿದಷ್ಟು ನೋವು.

"ಒಮ್ಮೆ ಹಚ್ಚಿದ್ರ ಸಾಯೂತನಾ ಇರತೈತೇನು?" ಸಂಗಪ್ಪ ಕೇಳಿದ.

"ಎಂತ ಸಾಯುವುದು ಮಾರಾಯ್ರೆ! ಹತ್ತೋ ಹದಿನೈದೋ ದಿನ. ಆಮೇಲೆ ಹೊಸದು. ಸ್ನಾನ ಮಾಡ್ಬಹುದು, ಲೋಕಲ್‌ನಲ್ಲಿ ನೇತಾಡ್ಬಹುದು. ಇನ್ಸುಲಿನ್ ಮಾತ್ರ ಬಿಡ್ಲಿಕ್ಕಿಲ್ಲ, ಇದು ಔಷಧ ಅಲ್ಲ, ಕಾವಲು. ರಕ್ತದ ಲೆಕ್ಕಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರ್ತದೆ. ಅಂಕಿ ಒಂದು ಹೇಳಿ ಮೈ ಇನ್ನೊಂದು ಹೇಳಿದ್ರೆ ಬೆರಳು ಚುಚ್ಚಿ ನೋಡ್ಬೇಕು. ಮತ್ತೆ ಅಲಾರಂ ಹೊಡೆದಾಗ ಕಿರಿಕಿರಿ ಅಂತ ಫೋನು ಬಂದ್ ಮಾಡುವುದಿಲ್ಲ, ತಿಳೀತಾ?"

ಆಮೇಲೆ ಅವಳೇ ಹೇಳಿದಳು, "ಇನ್ನೊಂದುಂಟು. ಅಲಾರಂ ಮನೆಯವರ ಫೋನಿಗೂ ಬರುವ ಹಾಗೆ ಮಾಡ್ಬಹುದು. ಯಾರ ನಂಬರು ಹಾಕ್ಲಿ ಸೋನಾಲಿ?"

ಗಂಗುಬಾಯಿ ಸೆರಗಿನಿಂದ ಒರೆಸಿ ತನ್ನ ಫೋನು ಮುಂದೆ ಚಾಚಿದಳು.

ಸೋನಾಲಿ ಅದನ್ನು ನೋಡಿದಳು. "ಪಪ್ಪಾದು ಹಾಕಿ. ನಿಮ್ದು ಹಾಕಿ ದೀದಿ. ಮಮ್ಮಿದು ಈಗ ಬೇಡ. ಅಭೀ ನಹೀಂ."

ಚಾಚಿದ ಕೈ ಹಿಂದಕ್ಕೆ ಹೋಯಿತು.

ಫೆಬ್ರವರಿಯ ಒಂದು ಸಂಜೆ ಪಕ್ಕದ ಮನೆಯಲ್ಲಿ ನಮಿತಾಳ ಫೋನಿನ ಅಲಾರಂ ಹೊಡೆಯಿತು. ಸೋನಾಲಿಯ ಕೋಣೆಯಲ್ಲೂ ಹೊಡೆಯಿತು. ಗಂಗುಬಾಯಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ, ಕಲಕುತ್ತಲೇ ಓಡಿದಳು. ಅಷ್ಟರಲ್ಲಿ ಸೋನಾಲಿ ತನ್ನ ಗ್ಲೂಕೋಸ್ ಪುಡಿ ಕಲಸಿ ಕುಡಿದು ಮುಗಿಸಿದ್ದಳು. ನಮಿತಾ ಮಂಚದ ತುದಿಗೆ ಕೂತು ಫೋನು ನೋಡುತ್ತಿದ್ದಳು. ಎಪ್ಪತ್ತೊಂದು, ಇಳಿಯುತ್ತಿತ್ತು. ಕಾಲು ಗಂಟೆ ಬಿಟ್ಟು ತೊಂಬತ್ತೆಂಟು. ಆಮೇಲೆ ಸೋನಾಲಿ ಊಟಕ್ಕೆ ಬಂದು ಕೂತಳು. ಇಷ್ಟೇ. ಬೀಳಲಿಲ್ಲ, ನಾಲಗೆ ಕಚ್ಚಲಿಲ್ಲ, ಟ್ಯಾಕ್ಸಿಗೆ ಓಡಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಈ ಜಡ್ಡು ಆ ಮನೆಗೆ ಮುಂಚೆಯೇ ಹೇಳಿ ಬಂದಿತ್ತು.

ಸಕ್ಕರೆ ನೀರಿನ ಲೋಟ ಹಿಡಿದು ಗಂಗುಬಾಯಿ ಬಾಗಿಲಲ್ಲೇ ನಿಂತಿದ್ದಳು. ಮಗಳು ಬದುಕಿದ್ದಾಳೆ. ಆದರೆ ಅಲಾರಂ ಹೊಡೆದಾಗ ತಾಯಿಯನ್ನು ಕರೆಯುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆಯೇ? ಹಾಗಿದ್ದರೆ ಸೆನ್ಸರಿನ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಅಗ್ಗದ ವಸ್ತುವಲ್ಲ, ಎಲ್ಲರಿಗೂ ಬೇಕೆಂದೂ ಇಲ್ಲ. ಸಕ್ಕರೆ ಸೂಚನೆ ಕೊಡದೆ ಇಳಿಯುವವರಿಗೆ ಮಾತ್ರ ಅದು ಜೀವದ ಮಾತು. ಸೆನ್ಸರ್ ಇಲ್ಲದಿದ್ದರೆ ಚುಚ್ಚಿ ನೋಡುವ ಮಿಷನ್ನನ್ನು ಕೈಗೆ ಸಿಗುವ ಕಡೆ, ಎಲ್ಲರ ಕಣ್ಣೆದುರು ಇಡಿ. ಇನ್ಸುಲಿನ್ ತೆಗೆದುಕೊಂಡವರ ತಟ್ಟೆಯನ್ನು ಯಾವ ಶಾಸ್ತ್ರಕ್ಕೂ ಎತ್ತಬೇಡಿ. ಬೆವರಿ, ನಡುಗಿ, ತಪ್ಪು ತಪ್ಪು ಮಾತಾಡಿದರೆ, ಏರಿದೆಯೋ ಇಳಿದಿದೆಯೋ ಗೊತ್ತಾಗದಿದ್ದರೆ, ನುಂಗುವಷ್ಟು ಎಚ್ಚರವಿರುವಾಗಲೇ ಮೊದಲು ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಮತ್ತೆ ಇವತ್ತೇ ನಿಮ್ಮ ಮಗಳನ್ನೋ ಮಗನನ್ನೋ ಹತ್ತಿರ ಕೂರಿಸಿಕೊಂಡು ಕೇಳಿ: ಅಲಾರಂ ಹೊಡೆದರೆ ಅದು ಯಾರ ಫೋನಿಗೆ ಬರಲಿ? ಅವರು ನಿಮ್ಮ ಹೆಸರು ಹೇಳುವ ಕಾಲದಲ್ಲೇ ಕೇಳಿಬಿಡಿ.