ಒಂಗಾರನ ಕುದುರೆಯ ಕಣ್ಣು

ಕುರಿಬಾಲದ ಕೊಬ್ಬನ್ನು ಅಂಗೈಯಲ್ಲಿ ಮೆತ್ತಗೆ ಮಾಡಿಕೊಂಡು ಬಲ್ಜಾನ್ ಕುದುರೆಯ ಕತ್ತಿಗೆ ಉಜ್ಜುತ್ತಿದ್ದಾಗ, ಮೊಯ್ನಾಕ್ ಎಂಬ ನಾಯಿ ಹಿಂದಿನಿಂದ ಬಂದು ಅದೇ ಕುದುರೆಯ ಹೊಟ್ಟೆ ನೆಕ್ಕತೊಡಗಿತು. ಅವಳು ಮೊಣಕೈಯಿಂದ ತಿವಿದಳು. ನಾಯಿ ಸ್ವಲ್ಪ ಸರಿದು ಬಾಲದ ಕಡೆಯಿಂದ ಮತ್ತೆ ಶುರುಮಾಡಿತು. ಕುದುರೆ ಅಲುಗಲಿಲ್ಲ. ಅದು ಅವಳ ಗಂಡ ಒಂಗಾರನ ಗೋರಿಗಲ್ಲಿನ ಮೇಲೆ ಕೊರೆದ ಕುದುರೆ.

ಕೊರೆದವನೂ ಒಂಗಾರನೇ. ನಮ್ಮೂರ ಗೋರಿಗಲ್ಲುಗಳಲ್ಲಿ ಅರ್ಧ ಅವನ ಉಳಿಯಿಂದ ಎದ್ದು ಬಂದವು. ತಾನು ಸತ್ತ ಮೇಲೆ ಇನ್ಯಾರೋ ಕೈಯಾಡಿಸಿ ಕೆಡಿಸುತ್ತಾರೆಂದು, ಬದುಕಿದ್ದಾಗಲೇ ತನ್ನ ಕಲ್ಲನ್ನೂ ಮುಗಿಸಿ ಹಿತ್ತಲಲ್ಲಿ ನಿಲ್ಲಿಸಿ, ಅದರ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಊರವರ ಕಲ್ಲಿಗೆಲ್ಲ ಆಳವಾದ ಗೆರೆ, ಹೂಬಳ್ಳಿ. ತನ್ನದಕ್ಕೆ ಮಾತ್ರ ತಾನು ಏರುತ್ತಿದ್ದ ಒಂದೇ ಒಂದು ಕುದುರೆ, ಅದೂ ಕೂದಲೆಳೆಯಂಥ ಗೆರೆಗಳಲ್ಲಿ. ಹರೆಯದಲ್ಲಿ ಒಮ್ಮೆ ಧೂಳುಗಾಳಿಗೆ ಸಿಕ್ಕಿ, ತನ್ನ ಅಂಗಿ ಕಳಚಿ ಆ ಕುದುರೆಯ ಕಣ್ಣಿಗೆ ಕಟ್ಟಿ, ಬರಿಮೈಯಲ್ಲಿ ಊರವರೆಗೆ ನಡೆಸಿಕೊಂಡು ಬಂದಿದ್ದ. ಹುಡುಗಿಯರೆಲ್ಲ ನೋಡಿ ನಕ್ಕು ಒಳಗೆ ಹೋದರು. ಬಲ್ಜಾನ್ ಹೋಗಲಿಲ್ಲ. ಮುಂದಿನ ವಸಂತದಲ್ಲಿ ಅವನನ್ನು ಮದುವೆಯಾದಳು.

ಈಗ ಸಮುದ್ರದ ಗಾಳಿ ಆ ಕುದುರೆಯನ್ನು ತಿನ್ನುತ್ತಿತ್ತು. ನಮ್ಮ ಕಡೆಯ ಕಲ್ಲೆಂದರೆ ಚಿಪ್ಪುಗಳನ್ನು ಪುಡಿಮಾಡಿ ಒತ್ತಿಟ್ಟ ಹಾಗೆ, ಸವರಿದರೆ ಬೆರಳಿಗೆ ಹಿಟ್ಟು. ಗೊರಸು ಹೋಗಿತ್ತು, ಕಿವಿ ಹೋಗಿತ್ತು. ಮಿಕ್ಕ ಗೆರೆ ಮಸುಕಾಗಿತ್ತು, ಕಣ್ಣು ಮಾತ್ರ ಇನ್ನೂ ಹಾಗೇ ಇತ್ತು. ತಾನಿರುವಷ್ಟು ದಿನ ಅದಾದರೂ ಉಳಿಯಬೇಕು ಎಂಬುದೊಂದೇ ಬಲ್ಜಾನಳ ಹಟ.

ಒಡೆದ ಚರ್ಮಕ್ಕೆ ನಾವು ಹಚ್ಚುವುದು ಬಾಲದ ಕೊಬ್ಬನ್ನೇ. ಹುಟ್ಟಿದ ಕೂಸಿಗೆ, ಚಳಿಗಾಲದ ಕೆನ್ನೆಗೆ, ಜೀನಿಗೆ, ಬೂಟಿಗೆ. ಕಲ್ಲಿಗೇಕಾಗಬಾರದು ಎಂದು ಅವಳು ಕೇಳಿದಾಗ ಊರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಮೊಯ್ನಾಕ್. ಗಾಳಿ ಒಂದು ವರ್ಷದಲ್ಲಿ ಒಯ್ಯುವಷ್ಟನ್ನು ಅದರ ನಾಲಿಗೆ ವಾರದಲ್ಲಿ ಒಯ್ಯುತ್ತಿತ್ತು.

"ಅತ್ತಿಗೆ, ನಮ್ಮಣ್ಣನ್ನ ನಾಯಿಗೆ ತಿನ್ನಿಸ್ತಿದ್ದೀರಲ್ಲ," ಎಂದು ಹಿಂದಿನಿಂದ ದನಿ ಬಂತು. ಮೈದುನ ಸಕ್ತಗನ್, ಕೈಯಲ್ಲೊಂದು ತಗಡಿನ ಡಬ್ಬಿ.

"ಬದುಕಿದ್ದಾಗ ತಿಂದೋರು ನೀವು, ಚಿಕ್ಕ ಸಾಹೇಬ್ರೇ. ನಾಯಿಗೆ ಉಳಿದಿರೋದು ಇಷ್ಟೇ."

ಗಂಡನ ಮನೆಯವರ ಹೆಸರನ್ನು ನಮ್ಮ ಹೆಂಗಸರು ಬಾಯಲ್ಲಿ ಹೇಳುವುದಿಲ್ಲ, ಬೇರೆ ಹೆಸರಿಡುತ್ತಾರೆ. ಸಕ್ತಗನ್ ಮೂಗು ಸುರಿಸಿಕೊಂಡು ಓಡಾಡುತ್ತಿದ್ದಾಗ ಬಲ್ಜಾನ್ ಇಟ್ಟ ಹೆಸರು ಚಿಕ್ಕ ಸಾಹೇಬ. ಈಗ ಗಡ್ಡ ನೆರೆತು ಹೊಟ್ಟೆ ಬೆಲ್ಟಿನಾಚೆ ಬಂದರೂ ಹೆಸರು ಕಳಚಿಕೊಂಡಿರಲಿಲ್ಲ.

ಡಬ್ಬಿಯಲ್ಲಿದ್ದುದು ಕಲ್ಲಿಗೆ ಬಳಿಯುವ ವಾರ್ನಿಷ್. ಹಿಂದೆ ಅದನ್ನೇ ತನ್ನ ತಂದೆಯ ಕಲ್ಲಿಗೆ ಅವನು ಬಳಿದಾಗ, ಅದು ಚಹಾದ ತಟ್ಟೆಯಂತೆ ಹೊಳೆದು, ಊರಿನವರು ಅದರಲ್ಲಿ ಟೋಪಿ ಸರಿಮಾಡಿಕೊಂಡು ಹೋಗಿದ್ದರು. ಒಂದು ಸಲ ಬಳಿದರೆ ಸಾಕು, ನೀರಿಲ್ಲ, ಗಾಳಿಯಿಲ್ಲ, ನಾಯಿಯಂತೂ ಮೂಸಿಯೂ ನೋಡುವುದಿಲ್ಲ ಎಂದು ಅವನು ವಿವರಿಸಿದ. ಹಾಗಿದ್ದರೆ ಮಾವನವರ ಕಲ್ಲನ್ನೇ ಮೊದಲು ನೋಡೋಣ ಎಂದಳು ಬಲ್ಜಾನ್. ಸಕ್ತಗನ್‌ಗೆ ತಟ್ಟನೆ ಮಂಡಿನೋವು ನೆನಪಾಯಿತು. ಅವಳು ಆಗಲೇ ಮುಂದೆ ನಡೆದಿದ್ದಳು.

ಕಲ್ಲು ಹೊಳೆಯುತ್ತಲೇ ಇತ್ತು. ಆದರೆ ಅಲ್ಲಲ್ಲಿ ಪೂರಿಯಂತೆ ಉಬ್ಬಿತ್ತು. ಬಲ್ಜಾನ್ ಗೆಣ್ಣಿನಿಂದ ತಟ್ಟಿದಳು. ಖಾಲಿ ಮಡಕೆಯ ಸದ್ದು. ಇನ್ನೊಮ್ಮೆ ತಟ್ಟಿದಾಗ ಅಂಗೈಯಗಲದ ಒಂದು ಹಕ್ಕಳೆ, ಅಲ್ಲಿ ಕೊರೆದಿದ್ದ ವಂಶದ ಗುರುತಿನ ಅರ್ಧ ಸಮೇತ, ಕಳಚಿ ಅವಳ ಕೈಗೆ ಬಂತು. ಅದರ ಹಿಂದೆ ಬೆಳ್ಳಗೆ ಉಪ್ಪು.

ಸಕ್ತಗನ್ ಅದನ್ನು ಕಸಿದುಕೊಂಡು ಇದ್ದ ಜಾಗದಲ್ಲೇ ಒತ್ತಿ ಹಿಡಿದ.

"ಹಾಗೇ ಹಿಡ್ಕೊಂಡಿರಿ," ಎಂದಳು ಬಲ್ಜಾನ್. "ನಾನು ಹೋಗಿ ಚಹಾ ತರ್ತೀನಿ."

ಅವಳು ಫ್ಲಾಸ್ಕು ಹಿಡಿದು ಮರಳಿ ಬಂದಾಗಲೂ ಅವನು ಅಪ್ಪನ ಕಲ್ಲಿಗೆ ಕೈಯೊತ್ತಿಕೊಂಡೇ ನಿಂತಿದ್ದ. ಇನ್ನೊಂದು ಕೈಯಲ್ಲಿ ಫೋನು. ಮಗಳ ಜೊತೆ ಮಾತಾಡುತ್ತಿದ್ದ, ಬಹಳ ಸಣ್ಣ ದನಿಯಲ್ಲಿ.

ಮಗಳು ಕುರಲಾಯ್ ಅಕ್ತೌ ಪಟ್ಟಣದಲ್ಲಿ ಹಳೆಯ ಕಲ್ಲುಗಳನ್ನು ದುರಸ್ತಿ ಮಾಡುವವಳು. ಬಂದವಳು ಮೊದಲು ಅಪ್ಪನನ್ನು ನೋಡಿ ನಕ್ಕಳು, ನಂತರ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಕ್ಕಳೆ ಎದ್ದ ಕಡೆ ಬೆರಳಾಡಿಸಿದಳು. ನೆಲದ ತೇವದೊಂದಿಗೆ ಉಪ್ಪು ಕಲ್ಲಿನೊಳಗೆ ಏರುತ್ತದೆ, ಅದಕ್ಕೆ ಹೊರಗೆ ಬರಲೇಬೇಕು. ನೀವು ಬಾಗಿಲು ಹಾಕಿದ್ದಕ್ಕೆ ಅದು ಬಾಗಿಲನ್ನೇ ಕಿತ್ತುಕೊಂಡು ಬಂದಿದೆ ಎಂದಳು. ಕೊಬ್ಬಿನದೂ ಅದೇ ಕತೆ. ಪುಣ್ಯಕ್ಕೆ ಅದನ್ನು ತೆಗೆಯುವ ಅರ್ಧ ಕೆಲಸ ಮೊಯ್ನಾಕ್ ಮಾಡಿಬಿಟ್ಟಿದೆ.

ಅವಳು ಉಳಿದ ವಾರ್ನಿಷ್, ಕೊಬ್ಬು ತೆಗೆದು, ಕಾಗದ ನೆನೆಸಿ ರುಬ್ಬಿ, ಜೇಡಿಮಣ್ಣಿಗೆ ಕಲಸಿ, ಎರಡೂ ಕಲ್ಲುಗಳಿಗೆ ದಪ್ಪಗೆ ಮೆತ್ತಿದಳು. ಒಳಗಿನ ಉಪ್ಪನ್ನು ಅದು ದಿನಗಟ್ಟಲೆ ಹೀರಬೇಕು. ಅಷ್ಟೂ ದಿನ ಮಾವ ಮತ್ತು ಒಂಗಾರ ಮದುವೆಗೆ ಹೊರಟ ಹೆಂಗಸರಂತೆ ಮುಖಕ್ಕೆ ಮಣ್ಣು ಮೆತ್ತಿಕೊಂಡು ನಿಂತಿದ್ದರು. ಅದನ್ನು ಕೆರೆದ ಮೇಲೆ ಉಳಿದ ಕೆಲಸ ಸುಣ್ಣದ್ದು. ಕಲ್ಲಿನ ಪುಡಿ, ಸುಣ್ಣ, ಬಟ್ಟೆಯಲ್ಲಿ ಹಿಂಡಿದ ಮೊಸರು ಸೇರಿಸಿ ಬಳಿದರೆ, ಇನ್ನು ಮೇಲೆ ಉಪ್ಪೂ ಗಾಳಿಯೂ ತಿನ್ನುವುದು ಆ ಪದರವನ್ನು, ಕಲ್ಲನ್ನಲ್ಲ. ತಿಂದಷ್ಟನ್ನು ವರ್ಷ ವರ್ಷ ಮತ್ತೆ ಬಳಿಯುವುದು.

ಮೊಸರೆಂದರೆ ನಾಯಿ ಬರುವುದಿಲ್ಲವೇ ಎಂದು ಸಕ್ತಗನ್ ಕೇಳಿದ. ಸುಣ್ಣದ ಬಕೆಟ್ಟಿಗೆ ಮೂತಿಯಿಟ್ಟ ಮೊಯ್ನಾಕ್ ಸೀನಿ ದೂರ ಹೋಗಿ ಕೂತಿತು.

ಬಲ್ಜಾನ್ ಕೇಳಿದ್ದು ಬೇರೆ. "ಬಳಿದ ಮೇಲೆ ಕುದುರೆ ಕಾಣತ್ತೇನೇ?"

ಕುರಲಾಯ್ ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಒರಗಿಸಿದಳು. "ಇಲ್ಲ ದೊಡ್ಡಮ್ಮ. ಅಜ್ಜನ ಕಲ್ಲಲ್ಲಿ ಉಳಿದರ್ಧ ಗುರುತು ಆಳವಾಗಿದೆ, ಕಾಣತ್ತೆ. ದೊಡ್ಡಪ್ಪ ಇದನ್ನ ಎಷ್ಟು ಸಣ್ಣಗೆ ಗೀರಿದಾರೆ ನೋಡಿ. ಗೆರೆ ತುಂಬ್ಕೊಂಡ್ಬಿಡತ್ತೆ. ಒಳಗೆ ಇರತ್ತೆ, ಕಾಣಲ್ಲ."

ಬಲ್ಜಾನ್ ಕಲ್ಲಿನ ನೆರಳಲ್ಲಿ ಕೂತು ಚಹಾ ಬಗ್ಗಿಸಿಕೊಂಡಳು. ಮಧ್ಯಾಹ್ನವೆಲ್ಲ ಹಾಗೇ ಕೂತಿದ್ದಳು. ಸಕ್ತಗನ್ ಬಾರದ ನಾಯಿಯನ್ನು ಓಡಿಸುತ್ತ ಸುತ್ತಾಡಿದ. ನೆರಳು ಉದ್ದವಾಗಿ ಪಕ್ಕದ ಗೋರಿಯನ್ನು ಮುಟ್ಟಿದಾಗ ಅವಳು ಎದ್ದು, ಲೋಟ ಝಾಡಿಸಿ, ಶುರುಮಾಡು ಎಂದಳು.

ಬಾಲ ಹೋಯಿತು. ಹೊಟ್ಟೆ, ಕಾಲು, ಕತ್ತು. ಬ್ರಷ್ಷು ಕುದುರೆಯ ಮುಖದ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿ ಎದ್ದು, ಮರಳು ಎಲ್ಲರ ಕಾಲಿಗೆ ಚುಚ್ಚತೊಡಗಿತ್ತು.

"ಕಣ್ಣೊಂದು ಬಿಟ್ಬಿಡ್ತೀನಿ ದೊಡ್ಡಮ್ಮ," ಎಂದಳು ಕುರಲಾಯ್. "ಅಂಗಿ ಗುಂಡಿಯಷ್ಟು ಜಾಗ. ನೀವು ಬಂದಾಗ ನೋಡ್ಕೋಬಹುದು."

ಸಕ್ತಗನ್ ಕೂಡ ತಲೆಯಾಡಿಸಿದ. ಅಷ್ಟಕ್ಕೇನೂ ಆಗುವುದಿಲ್ಲ ಎಂದ.

ಬಲ್ಜಾನ್ ಬಗ್ಗಿ ಕಣ್ಣನ್ನು ನೋಡಿದಳು. ಅದರ ಮೇಲೆ ಕೂತಿದ್ದ ಮರಳನ್ನು ಬಾಯಿಂದ ಊದಿದಳು. ಗಾಳಿ ಮತ್ತೆ ತಂದು ಹಾಕಿತು.

"ಬೇಡ," ಎಂದಳು. "ಅದನ್ನೂ ಮುಚ್ಚು."