ತಿದ್ದಿದ ಬಾಯಿ

ಹಿಂದಿನ ಬೆಂಚಿನ ಹುಡುಗಿ ಮಾಡಿದ ಮುಖವಾಡದ ಬಾಯಿ ಎಡಕ್ಕೆ ಜಾರಿತ್ತು. ಡ್ರಾಯಿಂಗ್ ಮಿಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಿಕ್ಕದ್ದೆಲ್ಲ ಅಚ್ಚುಕಟ್ಟು. ಬಲೂನಿನ ಮೇಲೆ ಅಂಟಿಸಿದ ಹಳೇ ಪೇಪರು ಒಣಗಿ ಗಟ್ಟಿಯಾಗಿತ್ತು. ಉದ್ದ ಮೂಗು, ಅರೆಮುಚ್ಚಿದ ಕಣ್ಣು, ಕೆನ್ನೆಯ ಬಿಳಿ ಗೆರೆ, ಎಲ್ಲ ಆಫ್ರಿಕಾದ ಮುಖವಾಡಗಳ ಪುಸ್ತಕದಲ್ಲಿ ತೋರಿಸಿದ ಹಾಗೇ. ಬಾಯೊಂದು ಹೀಗೆ.

ಅಳತೆಗೆ ಒಂದು ಕಾಗದ ನಡುವೆ ಮಡಚಿ ಅರ್ಧ ಮುಖ ಕತ್ತರಿಸಿ, ಬಿಡಿಸಿದರೆ ಎರಡೂ ಕಡೆ ಸಮ ಬರುತ್ತೆ ಅಂತ ಮಿಸ್ ಬಾಯಿ ನೋಯುವಷ್ಟು ಹೇಳಿದ್ದರು. ಅಲ್ಲಿ ಎಷ್ಟೋ ಕಡೆ ಹಿರಿಯರನ್ನು ನೆನೆದು ಮುಖವಾಡ ಕೆತ್ತುತ್ತಾರೆ, ನೀವೂ ಮನೆಯವರೊಬ್ಬರನ್ನು ನೆನೆದು ಮಾಡಿ ಅಂತಲೂ ಹೇಳಿದ್ದರು. ಹೇಳಿದವರು ಮರೆತರು. ಹುಡುಗಿ ಮರೆಯಲಿಲ್ಲ, ತಾತನನ್ನು ಮಾಡಿದಳು.

ತಾತನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಈ ಮುಖ ಯಾರಿಗೆ ತೋರಿಸಲಿ ಅಂತ ಅವರು ಹೊಸಿಲು ದಾಟಿರಲಿಲ್ಲ. ಸ್ಕೂಲಿನ ಗೋಡೆ ಮೇಲೆ ನೀನೇ ಇರ್ತೀಯ, ನಿನ್ನ ಥರಾನೇ, ಬಂದು ನೋಡು ಅಂತ ಬೆನ್ನು ಬಿದ್ದು ಮೊಮ್ಮಗಳು ಒಪ್ಪಿಸಿದ್ದಳು. ಇದೆಲ್ಲ ಮಿಸ್‌ಗೆ ಗೊತ್ತಾದದ್ದು ಆಮೇಲೆ. ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಒಂದು ಮಾತು ಕೇಳುವುದಕ್ಕೆ ಏನು ಧಾಡಿಯಾಗಿತ್ತೋ!

ಮಾರನೇ ದಿನವೇ ಪ್ರದರ್ಶನ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮಿಸ್ ಕೈ ಸುಮ್ಮನಿರಬೇಕಲ್ಲ, ಬಾಯಿಯ ಜಾಗ ಒದ್ದೆ ಮಾಡಿ ಕೆರೆದು, ಹೊಸ ಪೇಪರು ಅಂಟಿಸಿ, ನೆಟ್ಟಗೆ ಒಂದು ಬಾಯಿ ಬರೆದರು. ಹತ್ತು ನಿಮಿಷದ ಕೆಲಸ. ಪಾಪ, ಮಗು ಖುಷಿಪಡುತ್ತೆ ಅಂದುಕೊಂಡರು.

ಬೆಳಿಗ್ಗೆ ಹುಡುಗಿ ತಾತನ ಕೈ ಹಿಡಿದು ಬಂದಳು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಕ್ಷೌರ. ಬಾಯಿ ಎಡಕ್ಕೆ ಜಾರಿತ್ತು. ಮಿಸ್ ಗೋಡೆಯ ಮುಖವಾಡದ ಕಡೆ ತಿರುಗಿ ನೋಡಿದರು. ತಾತ ಏನೋ ತೊದಲಿದರು. ಚೆನ್ನಾಗಿದ್ದೀರಾ ಅಂತಿದ್ದಾರೆ ಮಿಸ್, ಅಂದಳು ಹುಡುಗಿ. ಕುರ್ಚಿ ಬೇಡವಂತೆ, ಮೊದಲು ಗೋಡೆ ನೋಡಬೇಕಂತೆ. ಅವರ ಮಾತನ್ನೆಲ್ಲ ಅವಳೇ ಬಿಡಿಸಿ ಹೇಳುತ್ತಿದ್ದಳು, ಹೆಮ್ಮೆಯಿಂದ.

ಮುಖವಾಡದ ಕೆಳಗಿದ್ದ ತನ್ನ ಹೆಸರಿನ ಚೀಟಿ ಓದಿದ ಮೇಲೆ ಅವಳ ಮಾತು ನಿಂತಿತು. ತಾತ ಕತ್ತು ಚಾಚಿ ಆ ನೆಟ್ಟಗಿನ ಬಾಯನ್ನೇ ಬಹಳ ಹೊತ್ತು ನೋಡಿದರು.

"ನಾನೇ ತಿದ್ದಿದ್ದು," ಅಂದರು ಮಿಸ್. "ಇವಳು ಸರಿಯಾಗೇ ಮಾಡಿದ್ಲು. ತಪ್ಪು ನಂದು."

ತಾತ ಮಿಸ್ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದರು. ಸಾಕಷ್ಟು ಉದ್ದದ ಮಾತು. ಮಿಸ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಹುಡುಗಿಯ ಮುಖ ನೋಡಿದರು.

"ಏನಂದ್ರಮ್ಮ ತಾತ?"

ಹುಡುಗಿ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಏನಿಲ್ಲ ಮಿಸ್."

ತಾತ ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ಹುಡುಗಿ ಅವರ ಇನ್ನೊಂದು ಕೈ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು, ಬಾಗಿಲ ಕಡೆ ನಡೆದಳು.